ನಿನ್ನೆಯ ಜೋಡಿ, ಇಂದಿನ ಜಗಳ: ತಪ್ಪು ಹೆಣ್ಣುನಾಯಿಯದಲ್ಲ

ಮನೆಯಲ್ಲಿ ಎರಡು ನಾಯಿ ಸಾಕಿದವರಿಗೆ ಈ ಮಾತು ಬೇಗ ಅರ್ಥವಾಗುತ್ತೆ. ಮರಿಯಿದ್ದಾಗಿನಿಂದ ಒಂದೇ ಗೋಣಿಚೀಲದ ಮೇಲೆ ಮಲಗಿದವು, ಒಂದೇ ರೊಟ್ಟಿ ಹರಿದು ತಿಂದವು. ಒಂದು ಬೊಗಳಿದರೆ ಇನ್ನೊಂದು ಎದ್ದು ಬಂದು ದನಿಗೂಡಿಸುತ್ತಿತ್ತು. ಒಂದು ದಿನ ಬೆಳಗ್ಗೆ ನೀವು ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡ್ತಾ ಇರ್ತೀರಿ, ಬೆನ್ನ ಹಿಂದೆ ಗುರ್ ಅನ್ನೋ ಸದ್ದು. ತಿರುಗಿ ನೋಡುವಷ್ಟರಲ್ಲಿ ಒಂದರ ಕುತ್ತಿಗೆ ಇನ್ನೊಂದರ ಬಾಯಲ್ಲಿ! ಮಕ್ಕಳು ಕಿರುಚುತ್ತಾರೆ, ಅತ್ತೆಯವರು ಕೋಲು ಹುಡುಕುತ್ತಾರೆ, ಯಜಮಾನರು ಆಗಲೇ ಕೆಲಸಕ್ಕೆ ಹೋಗಿರುತ್ತಾರೆ. ಬಿಡಿಸಬೇಕಾದವರು ನೀವೇ.

ಸಂಜೆ ಮನೆಯಲ್ಲಿ ಪಂಚಾಯ್ತಿ. "ಯಾರೋ ದೃಷ್ಟಿ ಹಾಕ್ಯಾರ" ಅಂತ ಒಬ್ಬರು. "ಹುಚ್ಚು ಹಿಡಿದಿರಬೇಕು" ಅಂತ ಇನ್ನೊಬ್ಬರು. ಕೊನೆಗೆ ಯಾರಾದರೂ ಗಮನಿಸುತ್ತಾರೆ, ಮನೆಯ ಹೆಣ್ಣುನಾಯಿ ಬೆದೆಗೆ ಬಂದಿದೆ ಅಂತ. ತಕ್ಷಣ ತೀರ್ಪು: "ಇದರಿಂದಲೇ ಇಷ್ಟೆಲ್ಲಾ ಆಗಿದ್ದು. ಇದನ್ನ ಎಲ್ಲಾದರೂ ಬಿಟ್ಟು ಬನ್ನಿ." ಕಚ್ಚಾಡಿದ್ದು ಗಂಡುನಾಯಿಗಳು, ಮನೆ ಬಿಡಬೇಕಾದ್ದು ಮಾತ್ರ ಹೆಣ್ಣು! ಈ ತೀರ್ಪು ನಮಗೆಲ್ಲೋ ಕೇಳಿದ ಹಾಗಿದೆ ಅಲ್ಲವೇ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂದರೆ ಈಗಲೂ ಅಂಗಳ, ಹಿತ್ತಲು ಇರುವ ಮನೆಗಳ ಊರುಗಳು. 2021ರಲ್ಲಿ ವಿಜಯನಗರ ಜಿಲ್ಲೆ ಆಗಿ ಐದೂ ತಾಲ್ಲೂಕು ಅದರೊಳಗೆ ಬಂದವು. ಹೊಸ ಲೇಔಟ್‌ಗಳು ಬಂದವು, ಕಾಂಪೌಂಡ್ ಗೋಡೆಗಳು ಎದ್ದವು. ಮೊದಲು ಹೊಲದ ಮನೆಯಲ್ಲಿ, ಕುರಿಹಟ್ಟಿಯಲ್ಲಿ ಬಯಲಲ್ಲಿ ಓಡಾಡಿಕೊಂಡಿದ್ದ ನಾಯಿ ಈಗ ಮೂವತ್ತು ನಲವತ್ತು ಅಡಿ ಸೈಟಿನೊಳಗೆ ಇನ್ನೊಂದರ ಜೊತೆ ಇರಬೇಕು. ಬಯಲಲ್ಲಿ ಸೋತ ನಾಯಿ ದೂರ ಹೋಗಿ ಬದುಕಿಕೊಳ್ಳುತ್ತೆ. ಕಾಂಪೌಂಡಿನಲ್ಲಿ ಸೋತದ್ದು ಎಲ್ಲಿಗೆ ಹೋಗಬೇಕು? ಅದಕ್ಕೇ ಮನೆಯೊಳಗಿನ ಜಗಳ ರಕ್ತ ಕಾಣುವ ತನಕ ನಡೆಯುತ್ತೆ.

ಬೆದೆ ಅಂದರೆ ನಮ್ಮ ಮುಟ್ಟಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡೋಣ. ಹೆಣ್ಣುನಾಯಿಗೆ ರಕ್ತ ಹೋಗುವುದನ್ನು ನೋಡಿ ನಾವು "ಅದೂ ಹೊರಗಾಗಿದೆ" ಅಂತೀವಿ. ನಿಜ ಹಾಗಲ್ಲ. ನಮಗೆ ಗರ್ಭ ನಿಲ್ಲದಿದ್ದಾಗ ಮುಟ್ಟಾಗುತ್ತೆ. ನಾಯಿಗೆ ಗರ್ಭ ಕಟ್ಟುವ ದಿನಗಳು ಇನ್ನೂ ಬರುವುದಿದೆ ಅನ್ನುವಾಗ ರಕ್ತ ಕಾಣಿಸುತ್ತೆ. ಲೆಕ್ಕವೇ ಉಲ್ಟಾ.

ಸಾಮಾನ್ಯವಾಗಿ 6 ತಿಂಗಳಿಂದ 1 ವರ್ಷದೊಳಗೆ ಮೊದಲ ಬೆದೆ ಬರುತ್ತೆ, ದೊಡ್ಡ ಜಾತಿಯ ನಾಯಿಗಳಲ್ಲಿ ಇನ್ನೂ ತಡವಾಗಬಹುದು. ಆಮೇಲೆ ಸುಮಾರು 6-7 ತಿಂಗಳಿಗೊಮ್ಮೆ. ಪ್ರತಿಸಲ ಹೆಚ್ಚುಕಡಿಮೆ 3 ವಾರ. ಮೊದಲ ಒಂಬತ್ತು ಹತ್ತು ದಿನ ಗುಪ್ತಾಂಗ ಊದಿಕೊಂಡು ರಕ್ತ ತೊಟ್ಟಿಕ್ಕುತ್ತೆ. ಗಂಡುನಾಯಿ ಮೂಸಿ ಬರುತ್ತೆ, ಹೆಣ್ಣು ಮಾತ್ರ ಹಲ್ಲು ಕಿರಿದು ದೂರ ಅಟ್ಟುತ್ತೆ. ಆಮೇಲೆ ರಕ್ತ ತೆಳುವಾಗಿ ತಿಳಿ ಬಣ್ಣಕ್ಕೆ ತಿರುಗುತ್ತೆ. ಆಗ ಹೆಣ್ಣು ಬಾಲ ಪಕ್ಕಕ್ಕೆ ಸರಿಸಿ ನಿಲ್ಲುತ್ತೆ. ಗರ್ಭ ಕಟ್ಟುವುದು ಈ ದಿನಗಳಲ್ಲೇ.

ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ ನೋಡಿ. "ರಕ್ತ ನಿಂತಿತು, ಇನ್ನು ಪರವಾಗಿಲ್ಲ" ಅಂತ ಗೇಟು ತೆಗೀತೀವಿ. ಅಪಾಯದ ದಿನಗಳು ಶುರುವಾಗುವುದೇ ಆಗ! ಎಲ್ಲ ನಾಯಿಗಳಲ್ಲೂ ದಿನದ ಲೆಕ್ಕ ಒಂದೇ ಇರುವುದಿಲ್ಲ. ಹಾಗಾಗಿ ಮೊದಲ ರಕ್ತ ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ ಬರೆಯುವ ಅದೇ ಕ್ಯಾಲೆಂಡರಿನಲ್ಲಿ. ಅಲ್ಲಿಂದ 4 ವಾರ ಎಚ್ಚರ. ಮುಂದಿನ ಸಲ ಯಾವಾಗ ಅನ್ನುವ ಅಂದಾಜೂ ಅದರಿಂದಲೇ ಸಿಗುತ್ತೆ.

ಮನೆಯ ಗಂಡುನಾಯಿಗೆ ಈ ಸುದ್ದಿ ನಿಮಗಿಂತ ಮೊದಲೇ ಗೊತ್ತಾಗಿರುತ್ತೆ. ಹೆಣ್ಣುನಾಯಿಯ ಮೂತ್ರದ ವಾಸನೆಯೇ ಅದಕ್ಕೆ ಪತ್ರಿಕೆ. ಊಟ ಬಿಡುತ್ತೆ, ರಾತ್ರಿಯೆಲ್ಲ ಊಳಿಡುತ್ತೆ, ಎಂದೂ ಮಾಡದ್ದು ಸ್ಕೂಟರ್ ಗಾಲಿಗೆ, ತುಳಸಿಕಟ್ಟೆಗೆ ಕಾಲೆತ್ತುತ್ತೆ. ಬೈಯಬೇಡಿ, ಅದು ಎಚ್ಚರಿಕೆಯ ಗಂಟೆ ಅಂತ ತಿಳಿಯಿರಿ. ಬೇರೆ ಬೇರೆ ಇಡುವ ಕೆಲಸ ಅವತ್ತೇ ಶುರುವಾಗಲಿ.

ಯಾರು ಯಾರ ಮೇಲೆ ಬೀಳುತ್ತಾರೆ?

ಎರಡು ಗಂಡುನಾಯಿಗಳ ಜಗಳ ಎಲ್ಲರಿಗೂ ಅರ್ಥವಾಗುತ್ತೆ. ಹೆಣ್ಣಿನ ಹತ್ತಿರ ಯಾರು ಅನ್ನುವ ಪೈಪೋಟಿ. ಅವು ಅಣ್ಣತಮ್ಮಂದಿರಾದರೂ ಸರಿ, ತಂದೆಮಗನಾದರೂ ಸರಿ. ನಾಯಿಗೆ ಆ ಸಂಬಂಧದ ಲೆಕ್ಕವಿಲ್ಲ. ಅದೇ ಕಾರಣಕ್ಕೆ ಒಂದೇ ಸೂಲಿನ ಗಂಡು ಹೆಣ್ಣು ಕೂಡಿ ಗರ್ಭವಾಗುವುದೂ ಉಂಟು. "ಅಣ್ಣತಂಗಿ ಅಲ್ವಾ, ಏನೂ ಆಗಲ್ಲ" ಅನ್ನುವ ಧೈರ್ಯ ಬೇಡ.

ಎರಡನೆಯದು ಹೆಣ್ಣು ಗಂಡಿನ ಜಗಳ. ಮೊದಲ ದಿನಗಳಲ್ಲಿ ಹೆಣ್ಣಿಗೆ ಬೇಡ, ಗಂಡು ಬಿಡುವುದಿಲ್ಲ. ಹೆಣ್ಣು ತಿರುಗಿ ಕಚ್ಚುತ್ತೆ. ಇದನ್ನು ನೋಡಿ "ಇದಕ್ಕೆ ಕೊಬ್ಬು" ಅಂತ ಹೆಣ್ಣುನಾಯಿಗೆ ಎರಡು ಬಿಗಿಯುವವರಿದ್ದಾರೆ. ಬೇಡ ಅಂದದ್ದು ಕೊಬ್ಬಲ್ಲ ಗೆಳತಿಯರೇ. ಅದಕ್ಕೆ ಬಾಯಿ ಬರದು, ಹಲ್ಲಿನಿಂದ ಹೇಳುತ್ತೆ.

ಮೂರನೆಯದು ನಾವು ನಿರೀಕ್ಷಿಸದ ಜಗಳ, ಎರಡು ಹೆಣ್ಣುನಾಯಿಗಳದ್ದು. ತಾಯಿಮಗಳೇ ಇರಬಹುದು. ಒಂದು ಬೆದೆಗೆ ಬಂದಾಗ, ಎರಡೂ ಒಟ್ಟಿಗೆ ಬಂದಾಗ ಅಥವಾ ಬೆದೆ ಮುಗಿದು ಒಂದೆರಡು ತಿಂಗಳಿಗೆ ಈ ಜಗಳ ಹೊತ್ತಿಕೊಳ್ಳಬಹುದು. ಗಂಡುಗಳ ಜಗಳದಲ್ಲಿ ಸದ್ದು ಜಾಸ್ತಿ. ಹೆಣ್ಣುಗಳ ಜಗಳದಲ್ಲಿ ಗಾಯ ಆಳ, ಮತ್ತೆ ಮತ್ತೆ ಮರುಕಳಿಸುವುದೂ ಹೆಚ್ಚು. "ಎರಡೂ ಹೆಣ್ಣು, ತಂಟೆಯಿಲ್ಲ" ಅಂತ ತಂದವರು ಇದನ್ನು ಮನಸ್ಸಿನಲ್ಲಿಡಬೇಕು.

ಇವೆಲ್ಲದರ ಮೇಲೆ ಗೇಟಿನ ಹೊರಗೆ ಬೀದಿನಾಯಿಗಳ ಸಂತೆ. ಕಾರ್ತೀಕ ಬಂತೆಂದರೆ ನಾಯಿಗಳ ಕಾಲ ಅಂತ ಹಿರಿಯರು ಹೇಳುತ್ತಾರೆ. ಬೀದಿನಾಯಿಗಳು ಹೆಚ್ಚಾಗಿ ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಕೂಡುತ್ತವೆ, ಮನೆಯ ನಾಯಿ ಮಾತ್ರ ಯಾವ ತಿಂಗಳಲ್ಲಾದರೂ ಬೆದೆಗೆ ಬರಬಹುದು. ಹೊರಗಿನ ಗಂಡುಗಳನ್ನು ಮುಟ್ಟಲಾಗದ ಮನೆಯ ನಾಯಿ ಆ ಸಿಟ್ಟನ್ನು ಪಕ್ಕದಲ್ಲಿರುವ ಜೊತೆಗಾರನ ಮೇಲೆ ತೀರಿಸಿಕೊಳ್ಳುತ್ತೆ. ಬಿಡಿಸಲು ಹೋದ ನಿಮ್ಮ ಕೈ ಸಿಕ್ಕರೆ ಅದರ ಮೇಲೂ!

ಜಗಳ ಹತ್ತಿಕೊಂಡಾಗ

ಮೊದಲ ಮಾತು, ಕೊನೆಯ ಮಾತು ಒಂದೇ: ನಡುವೆ ಕೈ ಹಾಕಬೇಡಿ. ಆ ಹೊತ್ತಿನಲ್ಲಿ ನಾಯಿಗೆ ನಿಮ್ಮ ಕೈ, ಎದುರಾಳಿಯ ಕಾಲು ಎರಡೂ ಒಂದೇ. ಮಕ್ಕಳನ್ನು ಒಳಗೆ ಕಳಿಸಿ ಬಾಗಿಲು ಹಾಕಿ. ಆಮೇಲೆ ಹೀಗೆ ಮಾಡಿ ನೋಡಿ:

- ಬಕೆಟ್ ನೀರು ಮುಖದ ಮೇಲೆ ಎರಚಿ, ಪೈಪಿದ್ದರೆ ಜೋರಾಗಿ ಬಿಡಿ.
- ಸ್ಟೀಲ್ ತಟ್ಟೆ ಅಥವಾ ಕೊಡ ಜೋರಾಗಿ ಬಡಿಯಿರಿ. ಕ್ಷಣ ಹೊತ್ತು ಗಮನ ತಪ್ಪಿದರೂ ಸಾಕು.
- ದಪ್ಪ ಚಾದರ ಅಥವಾ ಕಂಬಳಿ ಎರಡರ ಮೇಲೂ ಎಸೆಯಿರಿ.
- ಪ್ಲೈವುಡ್ ತುಂಡು, ಪ್ಲಾಸ್ಟಿಕ್ ಕುರ್ಚಿ, ದೊಡ್ಡ ಪರಾತ, ಏನು ಸಿಗುತ್ತೋ ಅದನ್ನು ನಡುವೆ ತೂರಿಸಿ.
- ಬಿಟ್ಟ ತಕ್ಷಣ ಒಂದನ್ನು ಕೋಣೆಗೆ ಅಟ್ಟಿ ಚಿಲಕ ಹಾಕಿ. "ಬಿಟ್ಟವಲ್ಲ" ಅಂತ ಉಸಿರು ಬಿಡುವಷ್ಟರಲ್ಲಿ ಎರಡನೇ ಸಲ ಬೀಳುತ್ತವೆ.

ಕೋಲಿನಿಂದ ಹೊಡೆಯುವುದು, ಖಾರದಪುಡಿ ಎರಚುವುದು ಬೇಡ. ಹೊಡೆತ ಬಿದ್ದ ನಾಯಿ ಎದುರಾಳಿಯೇ ಕಚ್ಚಿತು ಅಂದುಕೊಂಡು ಇನ್ನೂ ಬಿಗಿಯಾಗಿ ಹಿಡಿಯುತ್ತೆ. ಸಣ್ಣ ನಾಯಿಯನ್ನು ಎತ್ತಿಕೊಂಡು ಎದೆಗವಚಿಕೊಳ್ಳುವುದೂ ಬೇಡ, ದೊಡ್ಡದು ನಿಮ್ಮ ಮೇಲೆಯೇ ಹಾರುತ್ತೆ.

ಇನ್ನೊಂದು ವಿಷಯ, ಹೇಳಲು ಮುಜುಗರ, ಹೇಳದಿದ್ದರೆ ತಪ್ಪು. ಕೂಡಿದ ಮೇಲೆ ಎರಡು ನಾಯಿಗಳು ಹಿಂಬದಿಯಿಂದ ಅಂಟಿಕೊಂಡು ನಿಲ್ಲುತ್ತವೆ. ಇದು ಪ್ರಕೃತಿಯ ಕಟ್ಟು, ಹತ್ತರಿಂದ ಮೂವತ್ತು ನಿಮಿಷದಲ್ಲಿ ತಾನಾಗಿಯೇ ಬಿಡುತ್ತೆ. ಎಳೆದರೆ, ಕಲ್ಲು ಹೊಡೆದರೆ, ಬಿಸಿನೀರು ಸುರಿದರೆ ಎರಡಕ್ಕೂ ಒಳಗಾಯ. ಹುಡುಗರು ಕಲ್ಲು ತೂರುವುದನ್ನು ಕಂಡರೆ ಮುಖ ತಿರುಗಿಸಿಕೊಂಡು ಒಳಗೆ ಹೋಗಬೇಡಿ, ಗದರಿಸಿ.

ಹುಚ್ಚು ನಾಯಿ ಅಲ್ಲ ತಾನೆ?

ಈ ಅನುಮಾನ ಬರಬೇಕಾದ್ದೇ. ಬೆದೆಯ ಜಗಳಕ್ಕೆ ಕಾರಣ ಕಣ್ಣಿಗೆ ಕಾಣುತ್ತೆ. ಹೆಣ್ಣುನಾಯಿ ದೂರವಾದರೆ ಗಂಡು ತಣ್ಣಗಾಗುತ್ತೆ, ನಿಮ್ಮ ಗುರುತು ಹಿಡಿಯುತ್ತೆ. ರೇಬೀಸ್ ಬಂದ ನಾಯಿ ಕಾರಣವಿಲ್ಲದೆ ಕಂಡದ್ದನ್ನು ಕಚ್ಚುತ್ತೆ, ದನಿ ಬದಲಾಗುತ್ತೆ, ಜೊಲ್ಲು ಸುರಿಯುತ್ತೆ, ನುಂಗಲಾಗದೆ ಒದ್ದಾಡುತ್ತೆ, ನಡಿಗೆ ತಪ್ಪುತ್ತೆ. "ನೀರು ಕಂಡರೆ ಹೆದರುತ್ತಿಲ್ಲ, ಹಾಗಾದರೆ ಹುಚ್ಚಿಲ್ಲ" ಅನ್ನುವುದು ಸುಳ್ಳು. ನೀರಿನ ಭಯ ಮನುಷ್ಯರಿಗೆ ಬರುವ ಲಕ್ಷಣ, ನಾಯಿ ನೀರು ಕುಡಿಯುತ್ತಿದ್ದರೂ ರೇಬೀಸ್ ಇರಬಹುದು. ಅನುಮಾನ ಬಂದರೆ ಹತ್ತಿರ ಹೋಗದೆ ಪಶುವೈದ್ಯರಿಗೆ ತಿಳಿಸಿ.

ಜಗಳ ಬಿಡಿಸುವಾಗ ನಿಮಗೆ ಹಲ್ಲು ತಾಗಿದರೆ, ಸಣ್ಣ ಗೀರಾದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ, ಖಾರ ಯಾವುದೂ ಬೇಡ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. "ನಮ್ಮ ಮನೆ ನಾಯಿನೇ ಅಲ್ವಾ" ಅನ್ನುವ ಮಾತು ರೇಬೀಸಿಗೆ ಕೇಳಿಸುವುದಿಲ್ಲ. ಡಾಕ್ಟರು ಹೇಳಿದ ದಿನಗಳಂದು ಅಷ್ಟೂ ಇಂಜೆಕ್ಷನ್ ತಗೊಳ್ಳಿ. ರೊಟ್ಟಿ ಬಡಿಯುವುದಿದೆ, ಮಕ್ಕಳ ಪರೀಕ್ಷೆಯಿದೆ ಅಂತ ನಮ್ಮ ಆರೋಗ್ಯವನ್ನು ನಾವೇ ಹಿಂದಕ್ಕೆ ತಳ್ಳುವುದು ಹೆಂಗಸರ ಹಳೇ ಚಾಳಿ. ಈ ವಿಷಯದಲ್ಲಿ ಬೇಡ. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಸುವ ಮದ್ದಿಲ್ಲ. ನಾಯಿಗಳಿಗೂ 3 ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಬೂಸ್ಟರ್, ವರ್ಷ ವರ್ಷ ತಪ್ಪದೆ ಹಾಕಿಸಿ.

ನಾಲ್ಕು ವಾರದ ಸಂಸಾರ

ಈ ದಿನಗಳಲ್ಲಿ ಹೆಣ್ಣುನಾಯಿಯನ್ನು ಒಳಗಿಡಿ. ಇಲ್ಲೇ ನಮ್ಮ ಮನೆಗಳಲ್ಲಿ ಮೈಲಿಗೆಯ ಮಾತು ಬರುತ್ತೆ. ಹೊರಗಾದ ನಾಯಿ ಅಂತ ಅದನ್ನು ಹೊರಗೇ ಹಾಕುತ್ತೇವೆ, ಬೀದಿಯ ಹತ್ತು ಗಂಡುಗಳ ಬಾಯಿಗೆ. ಹಿರಿಯರೊಂದಿಗೆ ವಾದ ಬೇಡ. ದೇವರಕೋಣೆ, ಅಡುಗೆಮನೆಯಿಂದ ದೂರ ಬಚ್ಚಲ ಪಕ್ಕದ ಕೋಣೆಯೋ, ಸಾಮಾನಿನ ಕೋಣೆಯೋ, ಬಾಗಿಲು ಭದ್ರವಿರುವ ಒಂದು ಜಾಗ ಸಾಕು. ಹಳೇ ಸೀರೆ ಹಾಸಿ ದಿನಾ ಬದಲಿಸಿ. ಫಿನಾಯಿಲಿನಿಂದ ನೆಲ ಒರೆಸಿ, ಒಣಗಿದ ಮೇಲೆಯೇ ನಾಯಿಯನ್ನು ಬಿಡಿ.

ಗಂಡುನಾಯಿ ಇನ್ನೊಂದು ಬಾಗಿಲ ಆಚೆ ಇರಲಿ. ಸರಪಳಿ ಹಾಕಿ ಒಂದೇ ಅಂಗಳದಲ್ಲಿ ಕಟ್ಟುವುದು ಬೇರ್ಪಡಿಸಿದ ಹಾಗಲ್ಲ. ವಾಸನೆ ಬಂದು, ಮುಟ್ಟಲಾಗದೆ ಇನ್ನೂ ಕೆರಳುತ್ತೆ. ಗ್ರಿಲ್ ಗೇಟಿನ ಸಂದಿಯಲ್ಲೇ ಕೂಡುವ ನಾಯಿಗಳಿವೆ. ಹಾಗಾಗಿ ಪೂರ್ತಿ ಮುಚ್ಚುವ ಬಾಗಿಲು ಬೇಕು. ಸಾಧ್ಯವಾದರೆ ಒಂದನ್ನು ನಾಲ್ಕು ವಾರ ಅಕ್ಕನ ಮನೆಗೋ ಹೊಲದ ಮನೆಗೋ ಕಳಿಸಿ. ಆಗ ಕಳಿಸಬೇಕಾದ್ದು ಗಂಡುನಾಯಿಯನ್ನು. ಹೆಣ್ಣನ್ನು ಕಳಿಸಿದರೆ ಅಲ್ಲಿನ ಬೀದಿಯ ಗಂಡುಗಳೆಲ್ಲ ಆ ಬಾಗಿಲಿಗೆ ಬರುತ್ತವೆ.

ಹೊರಗೆ ಕರೆದೊಯ್ಯುವಾಗ ಒಂದೊಂದನ್ನೇ, ಬೇರೆ ಬೇರೆ ಹೊತ್ತಿನಲ್ಲಿ, ಬೆಲ್ಟ್ ಹಾಕಿ, ದೊಡ್ಡವರೇ ಕರೆದೊಯ್ಯಿರಿ. ಊಟದ ತಟ್ಟೆ ಬೇರೆ, ಮೂಳೆಚೂರು ಬೇಡವೇ ಬೇಡ. ಬಾಲಕ್ಕೆ ವಿಕ್ಸ್, ಬೇವಿನೆಣ್ಣೆ, ಸೀಮೆಎಣ್ಣೆ ಹಚ್ಚಿದರೆ ಗಂಡು ಬರಲ್ಲ ಅಂತಾರೆ. ಬಂದೇ ಬರುತ್ತೆ, ಹೆಣ್ಣಿನ ಚರ್ಮ ಉರಿಯುವುದಷ್ಟೇ ಲಾಭ. ಹಳೇ ಚಡ್ಡಿ ಕಟ್ಟುವುದು ನೆಲದ ಕಲೆಗೆ ಸರಿ, ಗರ್ಭ ತಡೆಯಲು ಅಲ್ಲ.

ಮತ್ತೆ ಒಟ್ಟಿಗೆ ಬಿಡುವಾಗ ಅವಸರ ಬೇಡ. ಹೆಣ್ಣಿಗೆ ಸ್ನಾನ ಮಾಡಿಸಿ, ಹಾಸಿಗೆ ತೊಳೆದು, ಇಬ್ಬರು ಎರಡು ನಾಯಿಗಳನ್ನು ಹಿಡಿದು ರಸ್ತೆಯಲ್ಲಿ ದೂರದೂರ ಜೊತೆಗೆ ನಡೆಸಿ. ಶಾಂತವಾಗಿದ್ದರೆ ದಿನ ದಿನಕ್ಕೂ ಹತ್ತಿರ ತನ್ನಿ. ಒಂದು ಸಲ ರಕ್ತ ಬರುವಂತೆ ಕಚ್ಚಾಡಿದ ನಾಯಿಗಳು ಅದನ್ನು ಬೇಗ ಮರೆಯುವುದಿಲ್ಲ.

ಬೆದೆ ಮುಗಿದ ಮೇಲೆಯೂ ಕಣ್ಣಿಡಿ

ಗರ್ಭವಾಗಿದ್ದರೆ ಸುಮಾರು 63 ದಿನಕ್ಕೆ ಮರಿ. ಗರ್ಭವಾಗದಿದ್ದರೂ ಕೆಲವು ನಾಯಿಗಳು ಒಂದೆರಡು ತಿಂಗಳಿಗೆ ಬಸುರಿಯಂತೆ ವರ್ತಿಸುತ್ತವೆ. ಮೊಲೆ ಊದುತ್ತೆ, ಹಾಲೂ ಬರಬಹುದು. ಮಕ್ಕಳ ಗೊಂಬೆಯನ್ನೋ ಚಪ್ಪಲಿಯನ್ನೋ ಮರಿಯಂತೆ ಕಾಯುತ್ತೆ, ಹತ್ತಿರ ಬಂದವರಿಗೆ ಗುರ್ ಅನ್ನುತ್ತೆ. ಇದು ಸುಳ್ಳು ಬಸಿರು. ಹಾಲು ಹಿಂಡಬೇಡಿ, ಹಿಂಡಿದಷ್ಟೂ ಬರುತ್ತೆ.

ವಯಸ್ಸಾದ ಹೆಣ್ಣುನಾಯಿ ಬೆದೆಯಾದ ಎರಡು ತಿಂಗಳೊಳಗೆ ಸಿಕ್ಕಾಪಟ್ಟೆ ನೀರು ಕುಡಿಯುತ್ತಿದ್ದರೆ, ಊಟ ಬಿಟ್ಟು ಮಂಕಾದರೆ, ಕೀವು ಹೋಗುತ್ತಿದ್ದರೆ, ಕೀವು ಕಾಣದೆಯೂ ಹೊಟ್ಟೆ ಉಬ್ಬಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಇದಕ್ಕೆ "ನಾಳೆ ನೋಡೋಣ" ಇಲ್ಲ. ಅವತ್ತೇ ಪಶುವೈದ್ಯರ ಹತ್ತಿರ. ನಾಯಿಗೆ ನಮ್ಮಂತೆ ಮುಟ್ಟು ನಿಲ್ಲುವ ವಯಸ್ಸಿಲ್ಲ. ಮುದಿಯಾದರೂ ಬೆದೆ ಬರುತ್ತೆ, ಈ ಅಪಾಯವೂ ಇರುತ್ತೆ.

ಕೊನೆಗೊಂದು ಪರಿಹಾರ

ಮರಿ ಬೇಡವಾದರೆ ಸಂತಾನಹರಣ ಆಪರೇಷನ್ನೇ ದಾರಿ. ಬೆದೆಯ ನಡುವೆ ಅಲ್ಲ. ಆಗ ಆ ಭಾಗದಲ್ಲಿ ರಕ್ತ ಹೆಚ್ಚು ಹರಿಯುತ್ತಿರುತ್ತೆ. ಬೆದೆ ಮುಗಿದು ಎರಡು ಮೂರು ತಿಂಗಳಿಗೆ ಮಾಡಿಸುವುದು ರೂಢಿ. ಯಾವ ವಯಸ್ಸಿಗೆ ಅನ್ನುವುದು ಜಾತಿಯ ಮೇಲೆ ನಿಂತಿದೆ, ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೇಳಿ. ಅಲ್ಲಿ ಸೌಲಭ್ಯ ಇಲ್ಲದಿದ್ದರೆ ಎಲ್ಲಿದೆ ಅಂತ ಅವರೇ ಹೇಳುತ್ತಾರೆ. ಆಪರೇಷನ್ ಆದ ಹೆಣ್ಣಿಗೆ ಬೆದೆಯಿಲ್ಲ, ಗರ್ಭಕೋಶದ ಕೀವಿನ ಭಯವೂ ಹೆಚ್ಚುಕಡಿಮೆ ಹೋದ ಹಾಗೆ. ಗಂಡುನಾಯಿಗೂ ಮಾಡಿಸಬಹುದು. ಎಲ್ಲವೂ ಹೆಣ್ಣಿನ ಮೈಮೇಲೆಯೇ ಏಕೆ ಅನ್ನುವ ಪ್ರಶ್ನೆ ಇಲ್ಲೂ ಕೇಳಬಹುದಲ್ಲ! ಆದರೆ ಗಂಡಿಗೆ ಮಾಡಿಸಿದ ಮರುದಿನವೇ ಫಲ ಸಿಗದು, ಕೆಲವು ವಾರ ಬೇಕು, ಆ ವಾರಗಳಲ್ಲಿ ಅದರಿಂದ ಗರ್ಭವೂ ಆಗಬಹುದು. ಜಗಳವೇ ಅಭ್ಯಾಸವಾಗಿಬಿಟ್ಟಿದ್ದರೆ ಆಪರೇಷನ್ ಒಂದೇ ಸಾಲದು ಅನ್ನುವುದೂ ಗೊತ್ತಿರಲಿ.

"ಬೆದೆ ಬರದ ಹಾಗೆ ಒಂದು ಇಂಜೆಕ್ಷನ್ ಹಾಕಿಸಿಬಿಡಿ" ಅನ್ನುವ ಸುಲಭದ ಮಾತು ಕೇಳಬೇಡಿ. ಪದೇ ಪದೇ ಹಾಕಿಸುವ ಹಾರ್ಮೋನು ಗರ್ಭಕೋಶದ ಕೀವಿಗೂ ಮೊಲೆಯ ಗಡ್ಡೆಗೂ ದಾರಿ ಮಾಡುತ್ತೆ.

ಈಗ ಮೊದಲಿನ ಆ ತೀರ್ಪಿಗೆ ಬರೋಣ, "ಬಿಟ್ಟು ಬನ್ನಿ" ಅನ್ನುವುದಕ್ಕೆ. ಎಲ್ಲಿ ಬಿಡುತ್ತೇವೆ? ಬಸ್‌ಸ್ಟ್ಯಾಂಡ್ ಹಿಂದೆ, ಎಪಿಎಂಸಿ ಯಾರ್ಡ್ ಹತ್ತಿರ, ಕೆರೆ ಏರಿಯ ಮೇಲೆ. ಮರಿ ಹಾಕಿದರೆ ಗಂಡುಮರಿಗಳಿಗೆ ಗಿರಾಕಿ, ಹೆಣ್ಣುಮರಿಗಳಿಗೆ ಗೋಣಿಚೀಲ. ಹಾಗೆ ಬಿಟ್ಟ ಹೆಣ್ಣು ಆರೇಳು ತಿಂಗಳಿಗೊಮ್ಮೆ ಬೀದಿಯಲ್ಲಿ ಬೆದೆಗೆ ಬರುತ್ತೆ, ಹತ್ತು ಗಂಡುಗಳ ಜಗಳ ನಮ್ಮ ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲೇ ನಡೆಯುತ್ತೆ. ಆಮೇಲೆ "ಬೀದಿನಾಯಿ ಹಾವಳಿ" ಅಂತ ಪುರಸಭೆಗೆ ಅರ್ಜಿ ಕೊಡುವವರೂ ನಾವೇ. ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಯ ಸಂತಾನಹರಣ ಮತ್ತು ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ, ಸಾಕಿದ ನಾಯಿಯದು ಸಾಕಿದವರ ಹೊಣೆ. ಅದನ್ನು ಅವರಿಗೂ ನೆನಪಿಸೋಣ, ನಾವೂ ನೆನಪಿಡೋಣ.

ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಗೆ ಹೋದವರು ಗೊರವರನ್ನು ನೋಡಿರುತ್ತೀರಿ. ದೋಣಿಯಲ್ಲಿ ಹಾಕಿದ ಹಾಲು, ಬಾಳೆಹಣ್ಣನ್ನು ನಾಯಿಗಳಂತೆ ಬೊಗಳುತ್ತಾ, ಕಿತ್ತಾಡುತ್ತಾ ಉಣ್ಣುವುದು ಅವರ ಸೇವೆ. ನಾವು ಅವರಿಗೆ ಕೈಮುಗಿಯುತ್ತೇವೆ. ನಾಯಿಯ ಕಿತ್ತಾಟವನ್ನೂ ದೇವರ ಸೇವೆಯಾಗಿ ಕಂಡ ಸೀಮೆ ನಮ್ಮದು. ಅಂಥ ಸೀಮೆಯ ಮನೆಯಲ್ಲಿ ಒಂದು ಹೆಣ್ಣುನಾಯಿ ವರ್ಷಕ್ಕೆರಡು ಸಲ, ಮೂರ್ನಾಲ್ಕು ವಾರ ಒಂದು ಕೋಣೆಯನ್ನು ಕೇಳಿದರೆ ಅದು ಭಾರವೇ?

ಮುಂದಿನ ಸಲ ಮನೆಯಲ್ಲಿ ಆ ಪಂಚಾಯ್ತಿ ಕೂತಾಗ ನೀವು ಸುಮ್ಮನಿರಬೇಡಿ. ಕ್ಯಾಲೆಂಡರ್ ತೋರಿಸಿ, ಬಾಗಿಲ ಚಿಲಕ ಸರಿಮಾಡಿಸಿ, ಪಶುವೈದ್ಯರ ಹತ್ತಿರ ಹೋಗುವ ದಿನ ಗೊತ್ತುಮಾಡಿ. ಅನ್ನ ಹಾಕುವ ಕೈ ನಿಮ್ಮದು, ಅದರ ಪರವಾಗಿ ಮಾತಾಡುವ ಹಕ್ಕೂ ನಿಮ್ಮದೇ.